ಕಪ್ಪು ಹುಡುಕುವ ಬೆಳಕು

ಚರ್ಮದ ಕ್ಲಿನಿಕ್ಕಿನ ಕಾಯುವ ಕೋಣೆಯ ತುಂಬ ಕನ್ನಡಿ ಹಾಕಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ತಮ್ಮ ಮುಖದ ಮೇಲೆ ತಾವೇ ಬೇಸರಪಟ್ಟು ಬಂದವರಿಗೆ ಅದೇ ಮುಖವನ್ನು ನಾಲ್ಕೂ ದಿಕ್ಕಿನಿಂದ ತೋರಿಸಿದರೆ ಏನು ಬಂತು ಭಾಗ್ಯ ಎಂದು ಅವನಿಗೆ ಸಿಟ್ಟು ಬಂತು. ಎಡಕ್ಕೆ ತಿರುಗಿದರೆ ಎಡಗೆನ್ನೆಯ ಕಂದು ಕಲೆಗಳು, ಬಲಕ್ಕೆ ತಿರುಗಿದರೆ ಬಲಗೆನ್ನೆಯವು. ತಲೆ ತಗ್ಗಿಸಿ ಕೂತರೆ ಟೀಪಾಯಿಯ ಗಾಜಿನಲ್ಲಿ ಗದ್ದದ ಕೆಳಗಿನ ಜೋಲು ಚರ್ಮ. ಸಿಟ್ಟಿದ್ದರೂ ಅವನು ಕನ್ನಡಿಗಳನ್ನು ಬಿಡಲಿಲ್ಲ. ಎದುರಿನದರಲ್ಲಿ ಮೀಸೆ ನೋಡಿಕೊಂಡ, ಪಕ್ಕದ್ದರಲ್ಲಿ ಕಿವಿಯ ಮುಂದೆ ಇಳಿದ ಕೂದಲು ನೋಡಿಕೊಂಡ. ಎರಡೂ ಕಡುಗಪ್ಪಾಗಿದ್ದವು. ಬೆಳಿಗ್ಗೆ ತಾನೇ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಪುಡಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಳಿದುಕೊಂಡ ಬಣ್ಣ. ಬೇರೆ ಯಾರದೋ ಮೀಸೆಯನ್ನು ತಂದು ಅಂಟಿಸಿದ ಹಾಗೆ ಕಾಣುತ್ತಿತ್ತು, ಆದರೂ ಅವನಿಗೆ ಹಿಡಿಸಿತ್ತು. ಗೋಡೆಯ ಗಡಿಯಾರ ನೋಡಿದ. ಊರಿನ ಆ ತುದಿಯ ಆಸ್ಪತ್ರೆಯಲ್ಲಿ ಇಷ್ಟು ಹೊತ್ತಿಗೆ ಹೆಂಡತಿಯನ್ನು ಒಳಗೆ ಕರೆದಿರುತ್ತಾರೆ. ಹೋದ ತಿಂಗಳು ಅವಳ ಎದೆಯಿಂದ ತೆಗೆದ ಗಂಟು ಸುಮ್ಮನೆ ಬಂದದ್ದೋ ಕೆಟ್ಟದ್ದೋ ಎಂದು ಡಾಕ್ಟರು ಇವತ್ತು ಹೇಳುವವರಿದ್ದರು. ಕೇಳಿಕೊಂಡು ಬರಲು ಅವಳು ಒಬ್ಬಳೇ ಹೋಗಿದ್ದಳು. ಅವನು ಇಲ್ಲಿ ಕೂತು ಮೀಸೆ ನೋಡಿಕೊಳ್ಳುತ್ತಿದ್ದ.

ಆಫೀಸಿನಲ್ಲಿ ತಪಾಸಣೆಯಿದೆ, ಮೇಲಿನವರು ಬರುತ್ತಾರೆ, ರಜೆ ಎಂದು ಬಾಯಿಬಿಟ್ಟರೆ ಎಗರಾಡುತ್ತಾರೆ ಎಂದು ಅವಳಿಗೆ ಹೇಳಿದ್ದು ನಿನ್ನೆ ಊಟಕ್ಕೆ ಕೂತಾಗ. ಹೇಳುವಾಗ ತಟ್ಟೆಯನ್ನೇ ನೋಡುತ್ತಿದ್ದ. ಪರವಾಗಿಲ್ಲ ಬಿಡಿ, ಬರೀ ಮಾತು ಕೇಳಿಕೊಂಡು ಬರುವುದು ತಾನೇ, ಅದಕ್ಕೆ ಇಬ್ಬಿಬ್ಬರು ಯಾಕೆ ಎಂದಿದ್ದಳು. ಒಂದು ಮಾತು ಬೈದಿದ್ದರೆ ಸುಳ್ಳು ಅರ್ಧ ಹಗುರವಾಗುತ್ತಿತ್ತು; ಬೈಯದೆ ಇನ್ನೊಂದು ಸೌಟು ಸಾರು ಬಡಿಸಿದ್ದಳು. ಇಲ್ಲಿಯ ತಾರೀಕನ್ನು ಮುಂದೆ ಹಾಕಿಸಲು ಒಂದು ಫೋನು ಸಾಕಿತ್ತು. ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ. ಬೆಳಿಗ್ಗೆ ಬಚ್ಚಲಿನಿಂದ ಹೊಸ ಮೀಸೆ ಹೊತ್ತು ಹೊರಗೆ ಬಂದಾಗ ಅವಳು ಹೊಲಿಗೆ ಹಾಕಿದ ಜಾಗಕ್ಕೆ ಒತ್ತದಂಥ ರವಿಕೆ ಹುಡುಕುತ್ತಿದ್ದಳು; ಬೀರುವಿನ ಹತ್ತಿರ ಹೋದಳು, ಬಂದಳು, ಅವನ ಮುಂದೆಯೇ ಹಾದಳು, ಒಂದು ಮಾತೂ ಆಡಲಿಲ್ಲ. ಅವನಿಗೆ ಬೇಸರವಾಯಿತು. ಇಷ್ಟು ವರ್ಷ ನರೆಯುತ್ತ ಬಂದ ಮೀಸೆ ಒಂದೇ ಬೆಳಗಿನಲ್ಲಿ ಕಪ್ಪಾಗಿದೆ, ಇವಳಿಗೆ ಕಣ್ಣಿಲ್ಲವೇ ಎಂದುಕೊಂಡ. ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಹಾಗೆ. ಅವಳು ಬಾಗಿಲಲ್ಲಿ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಹೋಗಿ ಬರ್ತೀನಿ ಎಂದಳು, ಹ್ಞೂಂ ಎಂದ, ದಾರ ಕಟ್ಟಿ ಮುಗಿದಿದ್ದರೂ ತಲೆ ಎತ್ತಲಿಲ್ಲ.

ಎಲ್ಲ ಆ ನರ್ಸಿನಿಂದ ಆದದ್ದು ಎಂದು ಅವನು ತನಗೆ ತಾನೇ ಒಪ್ಪಿಸಿಕೊಂಡಿದ್ದ. ಹೊಲಿಗೆ ಬಿಚ್ಚುವ ದಿನ ಇಬ್ಬರೂ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಬೋಲ್ಟು ಹಾಕಿ ಒಂದಕ್ಕೊಂದು ಜೋಡಿಸಿದ ಕಬ್ಬಿಣದ ಕುರ್ಚಿಗಳ ಮೇಲೆ ಕೂತಿದ್ದರು. ದಪ್ಪನೆಯ, ಒಳ್ಳೆಯ ಮನಸ್ಸಿನ ನರ್ಸು. ಬಾಗಿಲು ಅರ್ಧ ತೆರೆದು, ಅವನ ಕಡೆ ನೋಡಿ, ಯಜಮಾನ್ರೇ, ನಿಮ್ಮ ಮಗಳನ್ನ ಒಳಗೆ ಕಳಿಸಿ, ನೀವು ಚೀಲ ಹಿಡ್ಕೊಂಡು ಇಲ್ಲೇ ಕೂತಿರಿ ಎಂದಿದ್ದಳು. ಮಗಳು! ಅವಳಿಗೂ ಅವನಿಗೂ ಹನ್ನೆರಡು ವರ್ಷದ ಅಂತರ, ನಿಜ. ಆದರೆ ಹನ್ನೆರಡು ವರ್ಷಕ್ಕೆ ಯಾರಾದರೂ ಅಪ್ಪ ಆಗುತ್ತಾರೆಯೇ? ಅವನು ಸರಿಪಡಿಸಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನಕ್ಕುಬಿಟ್ಟಳು. ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು, ನಗಬೇಡಿ ಅಂದ್ರೂ ನಗ್ತಿದ್ದೀರಲ್ಲ ಎಂದು ನರ್ಸು ಗದರಿದರೂ ಕೇಳದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ ಹೇಳಿದಳು. ಅಂದಿನಿಂದ ಆ ಅಕ್ಕ ಫೋನು ಮಾಡಿದಾಗಲೆಲ್ಲ ಅಪ್ಪಾಜಿ ಊಟ ಮಾಡಿದ್ರಾ ಎಂದು ಕೇಳುತ್ತಾಳೆ. ಅವನು ತಾನೂ ನಗುತ್ತಾನೆ. ನಕ್ಕ ಮೇಲೆ ಬಹಳ ಹೊತ್ತು ಕೆನ್ನೆಯ ಕಲೆಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿಕೊಳ್ಳುತ್ತಾನೆ. ಅಂದು ಕೂತಿರಿ ಎಂದರೂ ಕೂರದೆ ನರ್ಸಿನ ಹಿಂದೆಯೇ ಒಳಗೆ ಹೋದಾಗ ಡಾಕ್ಟರು ಏನೋ ಹೇಳುತ್ತಿದ್ದರು. ನೋಡೋಣ, ಪರೀಕ್ಷೆಗೆ ಕಳಿಸಿದ್ದೀವಿ, ಹೆಚ್ಚಾಗಿ ಏನೂ ಇರಲಾರದು, ಆದರೆ ಎಂದದ್ದು ನೆನಪಿದೆ. ಆದರೆ ಎಂಬುದರ ಮುಂದಿನದು ನೆನಪಿಲ್ಲ. ಆಗ ಅವನು ಮೇಜಿನ ಮೇಲಿನ ಸ್ಟೀಲ್ ತಟ್ಟೆಯಲ್ಲಿ ಅಗಲವಾಗಿ ಕಾಣುತ್ತಿದ್ದ ತನ್ನ ಮುಖವನ್ನು ನೋಡುತ್ತಿದ್ದ, ನಿಜಕ್ಕೂ ಅಪ್ಪನ ಹಾಗೆ ಕಾಣುತ್ತೇನೆಯೇ ಎಂದು.

ಕಸುಬಿನಲ್ಲಿ ಅವನು ತೂಕದ ಇನ್ಸ್‌ಪೆಕ್ಟರು. ಇನ್ಸ್‌ಪೆಕ್ಟರು ಎಂದರೆ ಜನ ಪೊಲೀಸ್ ಎಂದುಕೊಂಡು ಎದ್ದು ನಿಲ್ಲುತ್ತಾರೆ, ತೂಕದವನು ಎಂದು ಗೊತ್ತಾದ ಮೇಲೆ ಕೂತುಕೊಳ್ಳುತ್ತಾರೆ. ಆ ಎದ್ದು ಕೂರುವುದರ ನಡುವಿನ ಮರ್ಯಾದೆಯಲ್ಲೇ ಅವನು ನೌಕರಿ ಕಳೆದಿದ್ದ. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನು ಇಟ್ಟುಕೊಂಡು ಅಂಗಡಿ ಅಂಗಡಿ ಹತ್ತಿ ಇಳಿಯುವುದು, ತಕ್ಕಡಿ ಪರೀಕ್ಷಿಸಿ ಮೊಹರು ಒತ್ತುವುದು. ತಟ್ಟೆಯ ಕೆಳಗೆ ಏನಾದರೂ ಅಂಟಿಸಿದ್ದೀಯೇನಯ್ಯಾ ಎಂದು ಕೇಳಿದರೆ ಅಂಗಡಿಯವರೆಲ್ಲ ಇಲ್ಲ ಸಾರ್ ಎಂದೇ ಹೇಳುತ್ತಾರೆ. ಆದರೆ ಅಂಟಿಸದವನು ಇಲ್ಲ ಎನ್ನುವುದಕ್ಕೂ ಅಂಟಿಸಿದವನು ಇಲ್ಲ ಎನ್ನುವುದಕ್ಕೂ ನಡುವೆ ಒಂದು ಉಸಿರಿನಷ್ಟು ವ್ಯತ್ಯಾಸವಿದೆ. ಕಳ್ಳ ಮೊದಲು ಉಗುಳು ನುಂಗಿ ಆಮೇಲೆ ಹೇಳುತ್ತಾನೆ. ಅವನು ಆ ಉಗುಳು ನುಂಗುವುದನ್ನು ಹಿಡಿಯುವುದರಲ್ಲಿ ಹೆಸರುವಾಸಿ. ಕಿರಿಯ ನೌಕರರಿಗೂ ಅದನ್ನು ಹೇಳಿಕೊಡುತ್ತಿದ್ದ. ಆ ನರ್ಸು ಅಪ್ಪ ಎಂದ ಮೇಲೆ ಮಾತ್ರ ಅವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ ನಿಲ್ಲುತ್ತಿರಲಿಲ್ಲ. ಪಾತ್ರೆ ಅಂಗಡಿಗೆ ಹೋದರೆ ಚೊಂಬಿನ ಮೈಯಲ್ಲಿ ಮುಖ, ಔಷಧಿ ಅಂಗಡಿಗೆ ಹೋದರೆ ಬೀರುವಿನ ಗಾಜಿನಲ್ಲಿ ಮುಖ. ಅಂಗಡಿಯವನ ಮುಖದಲ್ಲೂ ಕಲೆ ಎಷ್ಟಿವೆ ಎಂದೇ ನೋಡುತ್ತಿದ್ದ. ಅಂಥ ಒಂದು ಮಧ್ಯಾಹ್ನ ಎರಡನೆಯ ಮಹಡಿಯ ಈ ಕ್ಲಿನಿಕ್ಕಿನ ಹಲಗೆ ಕಣ್ಣಿಗೆ ಬಿತ್ತು. ಬೆಳಕಿನಿಂದ ಕಲೆ ತೆಗೆಯಲಾಗುವುದು ಎಂದಿತ್ತು. ಚಾಕುವಲ್ಲ, ಆಸಿಡ್ ಅಲ್ಲ, ಬರೀ ಬೆಳಕು. ಮೆಟ್ಟಿಲು ಹತ್ತುವಾಗ ಯಾರಾದರೂ ನೋಡಿಯಾರು ಎಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಹತ್ತಿದ್ದ.

ಆ ಮೊದಲ ಸಲ ಕಿವಿಯ ಹತ್ತಿರ ಒಂದು ಸಣ್ಣ ಕಲೆಯ ಮೇಲೆ ಮಾತ್ರ ಬೆಳಕು ಬಿಟ್ಟು ನೋಡಿ, ಒಂದು ವಾರ ಕಾದು ಬನ್ನಿ, ಚರ್ಮ ಹೇಗೆ ತಡೆಯುತ್ತೆ ನೋಡೋಣ ಎಂದು ಕಳಿಸಿದ್ದರು. ಏನೂ ಆಗಿರಲಿಲ್ಲ, ಕಲೆ ಕಪ್ಪಾಗಿ, ಒಣಗಿ, ಒಂದು ದಿನ ಮುಖ ಒರೆಸುವಾಗ ಟವಲ್ಲಿಗೆ ಬಂದಿತ್ತು. ಅದರ ಕೆಳಗೆ ಕಾಣಿಸಿದ ತಿಳಿ ಚರ್ಮವನ್ನು ಅವನು ಎಷ್ಟು ಸಲ ನೋಡಿಕೊಂಡನೋ ಲೆಕ್ಕವಿಲ್ಲ. ಎಲ್ಲ ಸರಿಯಿತ್ತು, ಯಂತ್ರ ನಡೆಸುವ ಹುಡುಗಿ ಬನ್ನಿ ಅಂಕಲ್ ಎಂದದ್ದೊಂದನ್ನು ಬಿಟ್ಟು. ಅಂಕಲ್ ಎನ್ನುವುದು ಅಪ್ಪ ಎನ್ನುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೋ ಮೇಲಿನದೋ ಎಂದು ಬಸ್ಸಿನಲ್ಲಿ ವಾಪಸು ಬರುತ್ತ ಯೋಚಿಸಿದ್ದ. ಬಣ್ಣ ಬಳಿದುಕೊಳ್ಳುವ ಗಂಡಸರನ್ನು ಜೀವನವಿಡೀ ಬೂಟ್ ಪಾಲಿಶ್ ಗಿರಾಕಿಗಳು ಎಂದು ಆಡಿಕೊಂಡವನು ಇವತ್ತು ಬೆಳಿಗ್ಗೆ ಬಣ್ಣ ಬಳಿದುಕೊಂಡದ್ದು ಈ ಹುಡುಗಿಯ ಮುಂದೆ ಅಂಕಲ್ ಆಗಿ ಮಲಗಬಾರದೆಂದು. ವಯಸ್ಸು ಅಳಿಸಿಕೊಳ್ಳಲು ಹೋಗುವ ಜಾಗಕ್ಕೇ ವಯಸ್ಸು ಮುಚ್ಚಿಕೊಂಡು ಹೋಗುವ ಬುದ್ಧಿ ಅವನಿಗಲ್ಲದೆ ಇನ್ಯಾರಿಗೆ ಬಂದೀತು.

ಹುಡುಗಿ ಬಂದು ಕರೆದಳು. ನೆಗಡಿಯಾಗಿತ್ತು ಅವಳಿಗೆ, ಮೂಗು ಕೆಂಪಗಿತ್ತು. ಇವತ್ತು ಅಂಕಲ್ ಎನ್ನಲಿಲ್ಲ, ಸಾರ್ ಎಂದಳು. ಬಣ್ಣ ಫಲ ಕೊಟ್ಟಿತು ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು, ಅವಳಿಗೆ ಅವನ ನೆನಪೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಮೂಗು ಎಳೆಯುತ್ತ ಒಪ್ಪಿಸಿದಳು. ಮುಖಕ್ಕೆ ತಣ್ಣನೆಯ ಜೆಲ್ ಹಚ್ಚುತ್ತೇವೆ, ಕಣ್ಣು ಮುಚ್ಚುತ್ತೇವೆ. ಬೆಳಕು ಬಿದ್ದಾಗಲೆಲ್ಲ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ. ಆಮೇಲೆ ಬಿಸಿಲಲ್ಲಿ ತಿರುಗಿ ಬಂದವರ ಹಾಗೆ ಮುಖ ಕೆಂಪಾಗುತ್ತದೆ. ಕಲೆಗಳು ಹೋಗುವ ಮೊದಲು ಇನ್ನೂ ಕಪ್ಪಾಗುತ್ತವೆ, ಕಾಫಿ ಪುಡಿ ಉದುರಿಸಿದಂತೆ ಕಾಣುತ್ತದೆ, ಹೆದರಬೇಡಿ, ಕೆರೆಯಬೇಡಿ, ತಾವಾಗಿ ಬೀಳುತ್ತವೆ. ಬಿಸಿಲಿಗೆ ಹೋಗಬಾರದು. ಒಂದು ಸಲಕ್ಕೆ ಮುಗಿಯುವುದಿಲ್ಲ, ಇನ್ನೂ ಕೆಲವು ಸಲ ಬರಬೇಕು, ಬಂದರೂ ಹೊಸ ಮುಖವೇನೂ ಸಿಗುವುದಿಲ್ಲ. ಆಮೇಲೆ ಕೇಳತೊಡಗಿದಳು. ಬಿಸಿಲಿಗೆ ಹೋಗಿದ್ರಾ, ಇಲ್ಲ. ಮಾತ್ರೆ ಏನಾದ್ರೂ, ಇಲ್ಲ. ಮುಖಕ್ಕೆ ಕ್ರೀಮು, ಮೀಸೆಗೆ ಕೂದಲಿಗೆ ಬಣ್ಣ ಏನಾದ್ರೂ?

ಅವನು ಉಗುಳು ನುಂಗಿದ.

‘ಇಲ್ಲ,’ ಎಂದ.

‘ಯಾಕೆ ಕೇಳಿದೆ ಅಂದ್ರೆ ಸಾರ್, ಈ ಬೆಳಕಿಗೆ ಕಲೆ ಯಾವುದು, ಬಣ್ಣ ಯಾವುದು ಅಂತ ಗೊತ್ತಾಗಲ್ಲ. ಕಪ್ಪು ಎಲ್ಲಿದೆಯೋ ಅಲ್ಲಿಗೆ ಹೋಗುತ್ತೆ, ಅಷ್ಟೆ,’ ಎಂದು ಅವಳು ಸೀನಿದಳು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಮಲಗಿದ ಮೇಲೆ ಅವನಿಗೆ ಆ ಗಾದೆ ನೆನಪಾಯಿತು, ನಗು ಬರಲಿಲ್ಲ. ಹಾಸಿಗೆ ಇಕ್ಕಟ್ಟಾಗಿತ್ತು, ಕೈ ಇಡಲು ಜಾಗವಿರಲಿಲ್ಲ. ಎದೆಯ ಮೇಲೆ ಇಟ್ಟುಕೊಂಡ, ಅದು ಸತ್ತವರನ್ನು ಮಲಗಿಸಿದ ಹಾಗಾಯಿತೆಂದು ಮತ್ತೆ ಪಕ್ಕಕ್ಕೆ ಇಳಿಬಿಟ್ಟ. ಕಣ್ಣಿನ ಮೇಲೆ ಎರಡು ಕಪ್ಪು ಮುಚ್ಚಳ ಕೂತವು. ಮೀಸೆಯ ಮೇಲೆ ಒದ್ದೆ ಬಿಳಿ ಬಟ್ಟೆ ಹೊದಿಸಿದಳು, ಕೂದಲಿಗೆ ಬೆಳಕು ತಾಗಬಾರದಂತೆ. ಜೆಲ್ ಮುಖದ ಮೇಲೆ ಹರಡಿ ಕಿವಿಯ ಒಳಗಿನವರೆಗೂ ತಣ್ಣಗಾಯಿತು. ಮೊದಲ ಬೆಳಕು ಬಿತ್ತು. ಮುಚ್ಚಳದ ಒಳಗಿದ್ದರೂ ಕಣ್ಣೊಳಗೆ ಕೆಂಪು ಹರಡಿ ಹೋಯಿತು. ಚುರುಕ್ ಎಂದದ್ದು ಅವಳು ಹೇಳಿದಷ್ಟೇ. ಎರಡನೆಯದು, ಮೂರನೆಯದು. ನೋವಿಗಿಂತ ಕಷ್ಟವಾದದ್ದು ಮುಂದಿನದು ಎಲ್ಲಿ ಬೀಳುತ್ತದೆ ಎಂದು ಕಾಯುವುದು. ಹುಡುಗಿ ಮೂಗು ಎಳೆದುಕೊಂಡರೆ ಒಂದು ಕ್ಷಣ ಪುರುಸೊತ್ತು, ಎಳೆಯುವುದು ನಿಂತರೆ ಈಗ ಬಂತು. ಅವಳೂ ಹೀಗೆಯೇ ಮಲಗಿದ್ದಳಲ್ಲ ಎಂದು ಹೆಂಡತಿಯ ನೆನಪಾಯಿತು. ಗಂಟು ತೆಗೆದ ದಿನ ತಳ್ಳುವ ಹಾಸಿಗೆಯ ಮೇಲೆ ಹಸಿರು ಬಟ್ಟೆ ಹೊದ್ದು ಒಳಗೆ ಹೋಗುವಾಗ ಅವಳ ಕೈ ಹೊರಗೆ ಚಾಚಿಕೊಂಡಿತ್ತು, ಬೆರಳು ಏನನ್ನೋ ಹುಡುಕುವ ಹಾಗೆ ಆಡುತ್ತಿತ್ತು. ಅವನು ಹಿಡಿಯಬೇಕೆಂದು ಹೆಜ್ಜೆ ಇಟ್ಟಿದ್ದ. ಕಾರಿಡಾರಿನಲ್ಲಿ ಜನವಿದ್ದರು, ಈ ವಯಸ್ಸಿನಲ್ಲಿ ಕೈ ಹಿಡಿದರೆ ಏನಂದುಕೊಂಡಾರು ಎಂದು ಅವಳ ಚಪ್ಪಲಿಗಳನ್ನು ಎತ್ತಿಕೊಂಡ. ಚಪ್ಪಲಿ ಹಿಡಿದುಕೊಂಡೇ ಅಷ್ಟು ಹೊತ್ತು ನಿಂತಿದ್ದ. ಹೆದರಿದ್ದು ನರ್ಸಿಗಲ್ಲ ಎಂಬುದು ಆ ಕೆಂಪು ಕತ್ತಲಲ್ಲಿ ಅವನಿಗೆ ನೆಟ್ಟಗೆ ಬಂದು ತಾಗಿತು. ಆ ಡಾಕ್ಟರ ಬಾಯಿಂದ ಆದರೆ ಎಂಬುದರ ಮುಂದಿನದನ್ನು ಕೇಳಲು ಹೆದರಿಕೆ. ಕೇಳುವಾಗ ಅವಳು ತನ್ನ ಮುಖ ನೋಡುತ್ತಾಳಲ್ಲ, ಆಗ ಆ ಮುಖದಲ್ಲಿ ಏನು ಇಟ್ಟುಕೊಳ್ಳುವುದು ಎಂಬ ಹೆದರಿಕೆ. ಅದಕ್ಕೇ ಮುಖವನ್ನೇ ತಂದು ಇಲ್ಲಿ ಒಪ್ಪಿಸಿದ್ದ.

ಬೆಳಕು ಬಲಗಿವಿಯ ಮುಂದಕ್ಕೆ, ಬಟ್ಟೆ ಮುಚ್ಚದೆ ಬಿಟ್ಟ ಕೂದಲಿನ ಅಂಚಿಗೆ ಬಂದಿತ್ತು. ಈ ಸಲದ್ದು ರಬ್ಬರ್ ಬ್ಯಾಂಡ್ ಅಲ್ಲ. ಕಾದ ಸೌಟನ್ನು ಒತ್ತಿ ಹಿಡಿದ ಹಾಗಾಯಿತು, ಹಲ್ಲಿನ ಬೇರಿನವರೆಗೂ ಉರಿ ಇಳಿಯಿತು, ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ನೆಗಡಿಯ ಹುಡುಗಿಗೆ ವಾಸನೆ ಬರಲಿಲ್ಲ. ಅವನ ಕಾಲು ಎಗರಿದ್ದನ್ನು ನೋಡಿ ನಿಲ್ಲಿಸಿದಳು. ಜಾಸ್ತಿ ಆಯ್ತಾ ಸಾರ್, ಹೋದ ಸಲ ಇಲ್ಲೇ ಪಕ್ಕದಲ್ಲಿ ಮಾಡಿದ್ದು ಸರಿಯಿತ್ತು ಅಂತ ಚೀಟೀಲಿದೆಯಲ್ಲ, ಎಂದು ಗೊಣಗಿ ಮತ್ತೊಮ್ಮೆ ಕೇಳಿದಳು: ನಿಜ ಹೇಳಿ, ಏನೂ ಹಚ್ಚಿಲ್ಲ ತಾನೇ? ಈಗಲಾದರೂ ಹೇಳಬಹುದಿತ್ತು. ಎದ್ದು ಕೂತು, ಹೌದಮ್ಮ, ಬಣ್ಣ ಹಚ್ಚಿಕೊಂಡಿದ್ದೇನೆ ಎಂದರೆ ಮುಗಿಯುತ್ತಿತ್ತು. ಆದರೆ ಮೊದಲ ‘ಇಲ್ಲ’ ಹೇಳಿಯಾದ ಮೇಲೆ ಎರಡನೆಯ ‘ಇಲ್ಲ’ ಎಷ್ಟು ಸಲೀಸು ಎಂಬುದು ಸುಳ್ಳು ಹೇಳಿದವರಿಗೇ ಗೊತ್ತು. ಇಲ್ಲ ಎಂದ. ಅವಳು ಯಂತ್ರದ ಗುಂಡಿ ತಿರುಗಿಸಿ ಬೆಳಕು ತಗ್ಗಿಸಿ, ಎಡಗೆನ್ನೆ ಮುಗಿಸಿ, ಎಡಗಿವಿಯ ಮುಂದಕ್ಕೆ ಬಂದಳು. ಅದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಂತು. ಕಾಲನ್ನು ಎಗರಗೊಡಲಿಲ್ಲ, ಉಸಿರು ಬಿಡಲಿಲ್ಲ, ಕಣ್ಣಿನ ಮುಚ್ಚಳದ ಒಳಗೆ ನೀರು ತುಂಬಿಕೊಂಡಿತು.

ಜೆಲ್ ಒರೆಸುವಾಗ ಹುಡುಗಿಯ ಕೈ ನಿಂತಿತು. ಮುಚ್ಚಳ ತೆಗೆದ ಕಣ್ಣಿಗೆ ಮೊದಲು ಕಂಡದ್ದು ಅವಳು ಹಿಡಿದಿದ್ದ ಅರಳೆ. ಅದು ಮಸಿ ಅರಿವೆಯ ಹಾಗೆ ಕಪ್ಪಾಗಿತ್ತು. ಅವಳು ಅರಳೆ ನೋಡಿದಳು, ಅವನ ಕಿವಿಯ ಮುಂದೆ ನೋಡಿದಳು, ಮತ್ತೆ ಅರಳೆ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಅವಳ ಮುಖ ಬಿಳುಚಿತ್ತು. ನನ್ನ ಕೆಲಸ ಹೋಗುತ್ತೆ ಸಾರ್, ಎರಡೆರಡು ಸಲ ಕೇಳಿದೆನಲ್ಲ ಎಂದಷ್ಟೇ ಅಂದಳು, ಮೂಗು ಒರೆಸಿಕೊಂಡಳು. ಅದು ನೆಗಡಿಯೋ ಅಳುವೋ ತಿಳಿಯಲಿಲ್ಲ. ಒಳಗಿನಿಂದ ಡಾಕ್ಟರಮ್ಮ ಬಂದು, ಐಸು ಇಡಿಸಿ, ಮುಲಾಮು ಹಚ್ಚಿ, ಗುಳ್ಳೆ ಎದ್ದರೆ ಒಡೆಯಬೇಡಿ, ಕಲೆ ಉಳಿದರೂ ಉಳಿಯಬಹುದು, ಆ ಜಾಗದಲ್ಲಿ ಕೂದಲು ಬರದೆಯೂ ಹೋಗಬಹುದು ಎಂದು ಯಾವ ಏರಿಳಿತವೂ ಇಲ್ಲದೆ ಹೇಳಿದರು. ತಪ್ಪು ನನ್ನದು, ಈ ಹುಡುಗಿಯದಲ್ಲ ಎಂದು ಅವನು ಹೇಳಿದ. ಹೇಳಿದ ದನಿ ಅವನಿಗೇ ಕೇಳಿಸಲಿಲ್ಲ. ಹೊರಗೆ ಕನ್ನಡಿಗಳು ಕಾದಿದ್ದವು. ಎರಡೂ ಕಿವಿಗಳ ಮುಂದೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ, ಒಂದೊಂದು ಕೆಂಪು ಆಯತ. ಅದರೊಳಗೆ ಕರಕಲಾದ ಕೂದಲ ಮೋಟು. ಕೆನ್ನೆಯ ಕಲೆಗಳು ಮೊದಲಿಗಿಂತ ಕಪ್ಪಾಗಿ ಎದ್ದು ಕೂತಿದ್ದವು. ನಡುವೆ ಆ ಮೀಸೆ.

ಬೀದಿಗೆ ಇಳಿದಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕರವಸ್ತ್ರ ತೆಗೆದು ಒಂದು ಕೆನ್ನೆ ಮುಚ್ಚಿದ, ಇನ್ನೊಂದು ಉಳಿಯಿತು. ಬಿಸಿಲು ತಾಗಬಾರದು ಎಂದಿದ್ದರು. ಅಂಗಡಿಗಳ ತಗಡಿನ ನೆರಳು ಹಿಡಿದು ನಡೆದ. ಬೀಗದ ಅಂಗಡಿಯವನೊಬ್ಬ ಸಾರ್ ಎಂದು ಕೈ ಎತ್ತಿ, ಮುಖ ನೋಡಿ, ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಮನೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ಆಸ್ಪತ್ರೆಯ ಕಡೆಯದು ಬಂತು, ಹತ್ತಿದ. ಹತ್ತಿದ ಮೇಲೆ ಯಾಕೆ ಹತ್ತಿದೆ ಎಂದು ಗಾಬರಿಯಾಗಿ ಮುಂದಿನ ನಿಲ್ದಾಣದಲ್ಲಿ ಇಳಿದ, ಇಳಿದು ನಾಚಿಕೆಯಾಗಿ ಹಿಂದೆ ಬರುವ ಬಸ್ಸಿಗೆ ಕಾದು ಮತ್ತೆ ಹತ್ತಿದ. ಅವಳು ಇನ್ನೂ ಅಲ್ಲೇ ಕೂತಿರಲಿ, ಕರೆಯುವುದು ತಡವಾಗಿರಲಿ ಎಂದು ಬೇಡಿಕೊಂಡ. ಏನು ಹೇಳುವುದು? ತಪಾಸಣೆ ಬೇಗ ಮುಗಿಯಿತು ಎಂದರೆ ಈ ಮುಖ? ಕುಕ್ಕರಿನ ಹಬೆ ಎನ್ನಬಹುದು. ಆಫೀಸಿನಲ್ಲಿ ಕುಕ್ಕರು ಎಲ್ಲಿಯದು? ಅರೆಬರೆ ಸುಳ್ಳುಗಳನ್ನು ಒಂದೊಂದಾಗಿ ತೂಗಿ ನೋಡುತ್ತ ಕೂತವನಿಗೆ, ಅವಳು ಏನು ಕೇಳಿಸಿಕೊಂಡಳೋ ಎಂಬುದು ಆ ತೂಗುವುದರ ನಡುವೆ ಮತ್ತೆ ಮರೆತೇಹೋಗಿತ್ತು. ಮರೆತದ್ದು ಗೊತ್ತಾದಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕಾರಿಡಾರಿನಲ್ಲಿ ಕಬ್ಬಿಣದ ಕುರ್ಚಿಗಳಿದ್ದವು, ಅವಳಿರಲಿಲ್ಲ. ಅದೇ ನರ್ಸು ತಟ್ಟೆ ಹಿಡಿದು ಹೋಗುತ್ತಿದ್ದಳು. ಅವನ ಗುರುತು ಹಿಡಿದಳು, ಮುಖದ ಮೇಲಿನ ಗಾಯ ನೋಡಿ ಅಯ್ಯೋ ಇದೇನು ಎಂದಳು. ಮಗಳು ಆಗಲೇ ಹೋದ್ರಲ್ಲ ಯಜಮಾನ್ರೇ, ಎಂದಳು ಆಮೇಲೆ, ಡಾಕ್ಟ್ರು ಮನೆಯವರನ್ನ ಕರೀರಿ ಅಂದ್ರು, ಅವ್ರು ಯಾರೂ ಬಂದಿಲ್ಲ ಅಂದ್ರು ಪಾಪ, ಇಲ್ಲಿ ಕೂತು ಸ್ವಲ್ಪ ನೀರು ಕುಡಿದು ಹೋದ್ರು. ಅಷ್ಟು ಬಣ್ಣ, ಅಷ್ಟು ಉರಿ ಎಲ್ಲ ಆದ ಮೇಲೂ ಅವನು ಅಪ್ಪನೇ. ಅದು ಅವನನ್ನು ತಾಗಲಿಲ್ಲ. ಅವಳು ಹೇಗಿದ್ದಳು ಎಂದು ಕೇಳಿದ. ಮನೆಗೆ ಹೋಗಿ ಸಾರ್, ಎಂದಳು ನರ್ಸು, ಅವನ ತೋಳಿನ ಮೇಲೆ ಒಂದು ಕ್ಷಣ ಕೈ ಇಟ್ಟು.

ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಅವಳು ಬಟ್ಟೆ ಬದಲಿಸಿರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ಕೂತಿದ್ದಳು. ಅವನನ್ನು ನೋಡಿ ಚೀಲ ಕೆಳಗಿಟ್ಟು ಎದ್ದಳು. ಏನ್ರೀ ಇದು ಎಂದಳು, ಸುಟ್ಟುಕೊಂಡೆ ಎಂದ. ಬೇರೇನೂ ಕೇಳದೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಟ್ಟೆ ಒದ್ದೆ ಮಾಡಿ ಹಿಂಡಿ, ಬಲಗಿವಿಯ ಮುಂದೆ ಇಟ್ಟು ಹಿಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ತಪಾಸಣೆ ಇರಲಿಲ್ಲ, ಮುಖದ ಕಲೆ ತೆಗೆಸಿಕೊಳ್ಳಲು ಹೋಗಿದ್ದೆ, ಬಣ್ಣ ಹಚ್ಚಿಲ್ಲ ಎಂದು ಸುಳ್ಳು ಹೇಳಿದೆ, ಸುಟ್ಟಿತು ಎಂದು ಅವಳ ಹೊಟ್ಟೆಯ ಕಡೆ ನೋಡುತ್ತ ಹೇಳಿ ಮುಗಿಸಿದ. ಈಗ ನಗುತ್ತಾಳೆ ಎಂದು ಕಾದ. ನಕ್ಕರೆ ಎಷ್ಟು ಚೆನ್ನ ಎಂದು ಆಸೆಪಟ್ಟ. ಅವಳು ಬಟ್ಟೆ ಮಗುಚಿ ತಣ್ಣನೆಯ ಮಗ್ಗುಲನ್ನು ಇಟ್ಟಳು.

‘ಬೆಳಿಗ್ಗೆನೇ ನೋಡ್ದೆ ಮೀಸೇನ,’ ಎಂದಳು. ‘ಮನಸ್ಸು ಬದಲಾಯ್ಸಿದ್ರಿ ಅನ್ಕೊಂಡೆ. ಆ ನರ್ಸು ಮತ್ತೆ ಹಾಗನ್ನಬಾರ್ದು ಅಂತ ಬಣ್ಣ ಹಾಕ್ಕೊಂಡು ನನ್ ಜೊತೆ ಬರ್ತಿದ್ದೀರಿ ಅಂತ. ಬಾಯ್ಬಿಟ್ಟು ಕೇಳಿದ್ರೆ ನಿಮಗೆ ನಾಚಿಕೆ ಆಗುತ್ತೆ ಅಂತ ಸುಮ್ನಿದ್ದೆ. ಸ್ಟಾಪಲ್ಲಿ ಎರಡು ಬಸ್ಸು ಬಿಟ್ಟೆ.’

ಸುಟ್ಟದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. ಅವನು ಏನೋ ಹೇಳಲು ಹೋದ. ಡಾಕ್ಟ್ರು ಎಂದಷ್ಟೇ ಬಂತು. ಕೆಟ್ಟದ್ದೇ ಅಂತೆ ಎಂದಳು ಅವಳು, ಹಾಲು ಒಡೆದದ್ದನ್ನು ಹೇಳುವ ದನಿಯಲ್ಲಿ. ಪೂರ್ತಿ ತೆಗೆದಿದ್ದಾರಂತೆ, ಆದರೆ ಸುತ್ತಮುತ್ತ ಉಳಿದಿರಬಾರದೆಂದು ಆ ಜಾಗಕ್ಕೆ ಕಿರಣ ಬಿಡಬೇಕಂತೆ, ವಾರಗಟ್ಟಲೆ, ದಿನಾ ಹೋಗಿ ಮಲಗಿ ಬರಬೇಕಂತೆ. ಒಳಗೆ ಯಾರೂ ಇರುವುದಿಲ್ಲವಂತೆ. ಮಲಗಿಸಿ, ಅಲ್ಲಾಡಬೇಡಿ ಎಂದು ಹೇಳಿ, ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಹೋಗುತ್ತಾರಂತೆ. ಚರ್ಮ ಮೊದಲು ಕೆಂಪಾಗುತ್ತೆ, ಕಪ್ಪಾಗುತ್ತೆ, ಆಮೇಲೆ ಸಿಪ್ಪೆ ಏಳುತ್ತೆ, ಹೆದರಬೇಡಿ ಅಂದರು ಎಂದಳು. ಹೇಳುತ್ತ ಹೇಳುತ್ತ ಎಡಗಿವಿಯ ಕಡೆಗೆ ಬಂದಿದ್ದಳು.

‘ನೀವು ಇವತ್ತು ಮಲಗಿ ಬಂದ್ರಲ್ಲ,’ ಎಂದಳು. ‘ಹೇಗಿರುತ್ತೆ ಹೇಳಿ.’

ಕುಹಕವೇನೋ ಎಂದು ತಲೆ ಎತ್ತಿ ನೋಡಿದ. ಅಲ್ಲ. ನಿಜವಾಗಿ ಕೇಳುತ್ತಿದ್ದಳು. ಊರಿನಲ್ಲಿ ಅವಳಿಗೆ ಕೇಳಲು ಇನ್ಯಾರೂ ಇರಲಿಲ್ಲ. ನಂದು ಬೇರೆ, ನಿಂದು ಬೇರೆ ಕಣೆ, ಇದು ಬರೀ ಶೋಕಿಯದು ಎಂದ. ಗೊತ್ತು, ಆದ್ರೂ ಹೇಳಿ ಎಂದಳು. ಅವನು ಹೇಳಿದ. ಹಾಸಿಗೆ ಇಕ್ಕಟ್ಟಾಗಿರುತ್ತೆ, ಕೈ ಎಲ್ಲಿಡೋದು ಅಂತ ತಿಳಿಯಲ್ಲ ಎಂದ. ಮೈಯೆಲ್ಲ ತಣ್ಣಗಾಗುತ್ತೆ. ಕಣ್ಣು ಮುಚ್ಚಿದ್ರೂ ಬೆಳಕು ಕಾಣುತ್ತೆ. ಮುಂದಿನದು ಯಾವಾಗ ಬರುತ್ತೋ ಅಂತ ಕಾಯೋದು ಬಂದದ್ದಕ್ಕಿಂತ ಕಷ್ಟ. ಏನೇನೋ ನೆನಪಾಗುತ್ತೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ, ಒಂದೊಂದನ್ನೂ ಎಲ್ಲೋ ಎತ್ತಿಟ್ಟುಕೊಳ್ಳುವವಳ ಹಾಗೆ ಕೇಳಿದಳು.

‘ನೋವಾಗುತ್ತಾ?’

ಇಲ್ಲ ಎಂಬುದು ಇವತ್ತಿಡೀ ಅವನ ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಈಗ ಹೇಳಿದರೆ ಪುಣ್ಯದ ಮಾತೂ ಆಗುತ್ತಿತ್ತು. ಆದರೂ ಬರಲಿಲ್ಲ.

‘ನಂಗಾಯ್ತು,’ ಎಂದ. ‘ನಿಂಗೆ ಹೇಗೋ, ಗೊತ್ತಿಲ್ಲ.’

‘ಕೂಗಿದ್ರಾ?’

‘ಇಲ್ಲ. ಸುಳ್ಳು ಹೇಳಿದ್ದೆನಲ್ಲ. ಕೂಗೋಕೆ ಮುಖ ಇರಲಿಲ್ಲ.’

ಅವಳು ಬಟ್ಟೆಯನ್ನು ಮತ್ತೆ ಒದ್ದೆ ಮಾಡಲು ನಲ್ಲಿಯ ಕಡೆ ತಿರುಗಿದಳು. ನೀರು ಬಿಟ್ಟಳು, ಬಟ್ಟೆ ಅದರ ಕೆಳಗೆ ಹಿಡಿಯಲಿಲ್ಲ.

‘ನಾನು ಕೂಗ್ತೀನಿ,’ ಎಂದಳು, ಬೆನ್ನು ಹಾಕಿಕೊಂಡೇ. ‘ಬಾಗಿಲಾಚೆ ಕೇಳಿಸೋ ಹಾಗೆ ಕೂಗ್ತೀನಿ. ಆಚೆ ಇರ್ತೀರಾ?’

‘ಇರ್ತೀನಿ,’ ಎಂದ.

ಅವಳು ನಲ್ಲಿ ನಿಲ್ಲಿಸಿದಳು. ಬಂದು ಅವನ ಗದ್ದ ಹಿಡಿದು, ಆ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಈ ಮಾತು ಹೇಳಿದವನು ಯಾರು ಎಂದು ಪತ್ತೆ ಹಚ್ಚುವವಳ ಹಾಗೆ ನೋಡತೊಡಗಿದಳು. ಉರಿಯುತ್ತಿದ್ದರೂ ಅವನು ಮುಖ ತಿರುಗಿಸಲಿಲ್ಲ.